ಬಯ್ಯಪ್ಪನ ಗೆರೆ

ಅದು ಶುರುವಾದದ್ದು ಎಂಬತ್ತೇಳನೇ ಇಸವಿಯ ಅವರೆಕಾಯಿ ಕಾಲದಲ್ಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ. ಮಂಜು ಇನ್ನೂ ಹುಣಸೆಮರದ ಬುಡದಲ್ಲೇ ನಿಂತಿತ್ತು. ನಾನು ಅಂಗನವಾಡಿಯ ಹಿಂದೆ ಕೂತು ಒಲೆ ಊದುತ್ತಿದ್ದೆ. ಹಸಿ ಕಡ್ಡಿ ಹೊಗೆ ಕಾರುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ಜೀಪಿನ ಸದ್ದಾಯಿತು. ಮೇಡಂ ಇಳಿದರು. ಒಂದು ಕೈಯಲ್ಲಿ ಕಾರ್ಡುಗಳ ಕಟ್ಟು, ಇನ್ನೊಂದರಲ್ಲಿ ಕೊಕ್ಕೆ ಇರುವ ತಕ್ಕಡಿ.

ಮೇಡಂ ಎಂದರೆ ಸುತ್ತಿನ ಹದಿನೆಂಟು ಅಂಗನವಾಡಿಗಳನ್ನು ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್. ನಮ್ಮದು ಚಿಂತಾಮಣಿ ತಾಲ್ಲೂಕು, ಕೆಂಚಾರ್ಲಹಳ್ಳಿಯಿಂದ ಎರಡು ಮೈಲಿ ಒಳಗಿನ ಊರು. ಟೀಚರು ಅನಸೂಯಮ್ಮ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ, ನಮ್ಮ ಕಾಲೋನಿಯವಳೇ. ನಾನು ಆಯಾ. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಅಡುಗೆ, ಕಸ, ನೀರು ನನ್ನ ಪಾಲಿನವು.

ಮೇಡಂ ತಕ್ಕಡಿಯನ್ನು ತೊಲೆಗೆ ನೇತುಹಾಕಿಸಿದರು. ಅದರ ಮುಖ ಗಡಿಯಾರದಂತೆ ದುಂಡಗಿತ್ತು, ಒಂದೇ ಮುಳ್ಳು. ಕೆಳಗೆ ಮಗುವನ್ನು ಕೂರಿಸಲು ಬಟ್ಟೆಯ ಜೋಳಿಗೆ. ಆಮೇಲೆ ಒಂದು ಕಾರ್ಡನ್ನು ಬಿಡಿಸಿ ಚಾಪೆಯ ಮೇಲೆ ಹಾಸಿದರು. ಚೌಕಳಿ ಚೌಕಳಿ ಗೆರೆಗಳು. ಎಡದಿಂದ ಬಲಕ್ಕೆ ಮಗುವಿನ ತಿಂಗಳು, ಕೆಳಗಿನಿಂದ ಮೇಲಕ್ಕೆ ತೂಕ. ನಡುವೆ ಓರೆಯಾಗಿ ಏರುವ ಮೂರು ಬಣ್ಣದ ಪಟ್ಟೆಗಳು: ಮೇಲೆ ಹಸಿರು, ಮಧ್ಯೆ ಹಳದಿ, ಕೆಳಗೆ ಕೆಂಪು.

"ತಿಂಗಳಿಗೊಂದು ಸಲ ತೂಗೋದು, ಒಂದು ಚುಕ್ಕೆ ಇಡೋದು, ಚುಕ್ಕೆಗೆ ಚುಕ್ಕೆ ಸೇರಿಸೋದು. ಗೆರೆ ಮೇಲಕ್ಕೆ ಹೋದ್ರೆ ಮಗು ಚೆನ್ನಾಗಿದೆ. ಅಡ್ಡಡ್ಡ ಹೋದ್ರೆ ಎಚ್ಚರಿಕೆ. ಕೆಳಕ್ಕೆ ಬಂದ್ರೆ ಆಸ್ಪತ್ರೆ. ಓದು ಬರದೋರಿಗೂ ಅರ್ಥ ಆಗ್ಲಿ ಅಂತಾನೇ ಮಾಡಿರೋದು," ಎಂದು ನನ್ನ ಕಡೆ ನೋಡಿದರು.

ನನಗೆ ಅರ್ಥವಾಯಿತು. ಅರ್ಥವಾಗದಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮುಂದಿನ ನಾಲ್ಕು ತಿಂಗಳು ನಾನು ಹಲ್ಲು ಕಚ್ಚಿಕೊಂಡಿರಬೇಕಾದದ್ದು ಅದು ಅರ್ಥವಾಗಿದ್ದರಿಂದಲೇ.

ನಮ್ಮ ಕಡೆ ಮಗುವನ್ನು ತೂಗುವುದಿಲ್ಲ. ಹರಕೆ ಹೊತ್ತು ದೇವರ ಮುಂದೆ ಬೆಲ್ಲದ ಜೊತೆ ತೂಗುವುದು ಬೇರೆ ಮಾತು. ಹಾಗಲ್ಲದೆ ತೂಗುವುದೇನಿದ್ದರೂ ಮಾರುವ ಪದಾರ್ಥವನ್ನು: ಹುಣಸೆಹಣ್ಣು, ಕಡಲೆಕಾಯಿ, ರೇಷ್ಮೆಗೂಡು. ಮಗುವನ್ನು ತೂಗಿ, ಇಷ್ಟಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮ ಕಾಲೋನಿಯಲ್ಲೂ ಅನ್ನುತ್ತಿದ್ದರು, ಊರೊಳಗೂ ಅನ್ನುತ್ತಿದ್ದರು. ಆದರೂ ಕಾಲೋನಿಯ ತಾಯಂದಿರು ಬಂದರು. ಸರ್ಕಾರದ ಹಿಟ್ಟು ಸಿಗುತ್ತದೆಂದು ಬಂದರು, ನಮ್ಮ ಹುಡುಗಿ ಟೀಚರಾಗಿದ್ದಾಳೆ ಎಂಬ ಅಭಿಮಾನಕ್ಕೂ ಬಂದರು. ಊರೊಳಗಿನಿಂದ ಬಂದದ್ದು ಒಂದೇ ಮನೆ, ಚಿಕ್ಕವೆಂಕಟಮ್ಮನ ಮನೆ.

ಚಿಕ್ಕವೆಂಕಟಮ್ಮ ನಾಲ್ಕು ಎಕರೆ ಹಿಪ್ಪುನೇರಳೆ ತೋಟದ ಯಜಮಾನಿ. ಗಂಡ ತೀರಿಕೊಂಡ ಮೇಲೆ ರೇಷ್ಮೆಹುಳು ಮನೆಯನ್ನು ಅವರೇ ನೋಡಿಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಅವರನ್ನು ಮೀರಿಸುವವರು ಊರಲ್ಲಿರಲಿಲ್ಲ. ಹಿಂದಿನ ವರ್ಷ ಶಿಡ್ಲಘಟ್ಟದ ಕಡೆಯ ವ್ಯಾಪಾರಿಯೊಬ್ಬ ಮನೆ ಬಾಗಿಲಿಗೇ ಬಂದು ಗೂಡು ತೂಗಿ, ಬುಟ್ಟಿಯ ತೂಕವೆಂದು ಒಂದೊಂದಕ್ಕೂ ಒಂದೂವರೆ ಕೇಜಿ ಕಳೆದ. ಚಿಕ್ಕವೆಂಕಟಮ್ಮ ಜಗಲಿಯಿಂದ ಏಳಲೂ ಇಲ್ಲ. "ಬುಟ್ಟಿ ಬರಿದು ಮಾಡಿ ತೂಗಪ್ಪ, ನೋಡಣ," ಅಂದರು. ತೂಗಿದ. ಒಂದು ಕೇಜಿಗೆ ಒಂದು ಹಿಡಿಯಷ್ಟು ಹೆಚ್ಚು, ಅಷ್ಟೆ. "ಇನ್ನೊಂದು ಬುಟ್ಟೀನೂ ತೂಗು. ಅದನ್ನೂ. ನಿನಗೇನು ಅವಸರ?" ಐದು ಬುಟ್ಟಿಯನ್ನೂ ಬರಿದು ಮಾಡಿಸಿ ತೂಗಿಸಿದರು. ಆ ಮನೆಯ ಅಂಗಳ ಗುಡಿಸುವ ಕೂಲಿಯೂ ನನ್ನದೇ ಆಗಿತ್ತು, ಪೊರಕೆ ಹಿಡಿದುಕೊಂಡು ಅದನ್ನೆಲ್ಲ ನೋಡಿದ್ದೆ.

ಅಂಥವರಿಗೂ ಒಂದು ಭಯವಿತ್ತು. ಸೊಸೆ ಮುನಿಶಾಮಮ್ಮನಿಗೆ ಹುಟ್ಟಿದ ಮೊದಲ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಮೂರನೆಯವನು ಬಯ್ಯಪ್ಪ, ಅಜ್ಜನ ಹೆಸರು. ಆ ಜನವರಿಗೆ ಅವನಿಗೆ ಹದಿನೇಳು ತಿಂಗಳು.

ಮೊದಲ ಸಲ ಅವನನ್ನು ತೂಗಿದಾಗ ಮೈಮೇಲೆ ಇದ್ದದ್ದು ಕರಿದಾರದ ಉಡುದಾರ ಮಾತ್ರ. ಮುಳ್ಳು ಏಳು ಕೇಜಿ ಏಳುನೂರಕ್ಕೆ ನಿಂತಿತು. ಅನಸೂಯಮ್ಮ ಹೊಸ ಹುರುಪಿನಲ್ಲಿ ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿಬಿಟ್ಟಳು. ಚಿಕ್ಕವೆಂಕಟಮ್ಮನ ಮುಖ ಕಪ್ಪಿಟ್ಟಿತು. ಮಗುವನ್ನು ಎದೆಗೆ ಒತ್ತಿಕೊಂಡು ಮೂರು ಸಲ ಥೂ ಥೂ ಎಂದರು. "ನಾ ತಂಡ್ರಿ, ನನ್ನಪ್ಪ, ನಿನ್ನನ್ನ ಸಂತೆ ಪದಾರ್ಥ ಮಾಡಿಬಿಟ್ರಲ್ಲಪ್ಪ," ಎಂದುಕೊಂಡು ಹೋದರು.

ಫೆಬ್ರವರಿಯಲ್ಲಿ ಬಂದಾಗ ಬಯ್ಯಪ್ಪನ ಸೊಂಟದಲ್ಲಿ ಬೆಳ್ಳಿಯ ಉಡುದಾರವಿತ್ತು, ಬೆರಳು ದಪ್ಪದ್ದು, ಅವನ ಅಜ್ಜನದಂತೆ. ಎರಡು ಸುತ್ತು ಸುತ್ತಿ ಕಟ್ಟಿದ್ದರು. ಅನಸೂಯಮ್ಮ ಮೆಲ್ಲಗೆ ಹೇಳಿದಳು, "ಅಮ್ಮಯ್ಯ, ಒಡವೆ ತೆಗೆದು ತೂಗ್ಬೇಕು ಅಂತ ಪುಸ್ತಕದಲ್ಲಿದೆ."

"ಪುಸ್ತಕದಲ್ಲಿರೋದು ಪುಸ್ತಕದಲ್ಲೇ ಇರ್ಲಿ. ನೀವು ಬಾಯಿಬಿಟ್ಟು ಹೇಳ್ತೀರಲ್ಲ, ಅದಕ್ಕೇ ಇದನ್ನ ಕಟ್ಟಿರೋದು. ತೆಗೀಬೇಕು ಅಂದ್ರೆ ನಾನು ಹೋಗ್ತೀನಿ, ನಿನ್ನ ತಕ್ಕಡಿ ನೀನೇ ಇಟ್ಕೋ."

ಮೇಡಂ ಆ ದಿನ ಅಲ್ಲೇ ಇದ್ದರು. ಅನಸೂಯಮ್ಮನನ್ನು ಪಕ್ಕಕ್ಕೆ ಕರೆದು, "ಹಾಗೇ ತೂಗ್ರಿ. ಊರೊಳಗಿಂದ ಬರೋದು ಇದೊಂದೇ ಮಗು. ಇದೂ ಬರ್ದೇ ಹೋದ್ರೆ ವರದೀಲಿ ನಾನೇನು ಬರೀಲಿ?" ಅಂದರು.

ಹಾಗೇ ತೂಗಿದರು. ಏಳು ಎಂಟುನೂರು. ಚುಕ್ಕೆ ಇಟ್ಟರು, ಗೆರೆ ಎಳೆದರು. ಮಾರ್ಚಿನಲ್ಲಿ ಕಾಲಿಗೆ ಬೆಳ್ಳಿ ಕಡಗಗಳು ಬಂದವು, ಒಳಗೆ ಕಲ್ಲು ತುಂಬಿ ಗಲಗಲ ಅನ್ನುವಂಥವು. ಏಳು ಒಂಬೈನೂರು. ಇನ್ನೊಂದು ಚುಕ್ಕೆ.

ಮಗುವನ್ನು ಜೋಳಿಗೆಗೆ ಎತ್ತಿ ಕೂರಿಸುವುದು ನನ್ನ ಕೆಲಸ. ಆದರೆ ಬಯ್ಯಪ್ಪನನ್ನು ನಾನು ಎತ್ತುವಂತಿರಲಿಲ್ಲ. ಯಾರೂ ಹೇಳಿದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ನಾನು ಬೇಯಿಸಿದ್ದನ್ನೂ ಆ ಮನೆಯವರು ತಿನ್ನಿಸುತ್ತಿರಲಿಲ್ಲ. ಹಿಟ್ಟನ್ನು ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದರು, ಅದು ಕರುವಿನ ಮುಸುರೆಗೆ ಬೀಳುತ್ತಿತ್ತು. ಕರು ಆ ವರ್ಷ ಚೆನ್ನಾಗಿ ಮೈ ತುಂಬಿಕೊಂಡಿತು. ಅದಕ್ಕೊಂದು ಕಾರ್ಡು ಮಾಡಿದ್ದರೆ ಗೆರೆ ಹಸಿರಿನಲ್ಲೇ ಓಡುತ್ತಿತ್ತು.

ಯುಗಾದಿ ಆದ ಮೇಲೆ ಮೇಡಂಗೆ ಇನ್ನೊಂದು ಯೋಚನೆ ಬಂತು. ಮೇ ತಿಂಗಳಲ್ಲಿ ಮೇಲಿನವರು ಬಂದು ನೋಡುತ್ತಾರಂತೆ. ಅಷ್ಟರೊಳಗೆ ಅಂಗನವಾಡಿಯ ಹೊರಗೋಡೆಯ ಮೇಲೆ ಆ ಕಾರ್ಡನ್ನೇ ದೊಡ್ಡದಾಗಿ ಬರೆಸಬೇಕು. ಚಿಂತಾಮಣಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಚನ್ನಕೇಶವ ಬಣ್ಣದ ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಎರಡು ದಿನದಲ್ಲಿ ಗೋಡೆ ತುಂಬ ಹಸಿರು, ಹಳದಿ, ಕೆಂಪು, ಪಟ್ಟೆಪಟ್ಟೆಯ ನಡುವೆ ಬಿಳಿ ಗೆರೆ. ಹಸಿರಿನ ತುದಿಯಲ್ಲಿ ಮೇಡಂ ಕೇಳದಿದ್ದರೂ ಒಂದು ದಪ್ಪ ಮಗುವನ್ನು ಬರೆದ.

ಮೂರನೇ ದಿನ ನಮ್ಮ ಕಾಲೋನಿಯ ಕೋನಪ್ಪ ಬಂದು ಗೋಡೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ. ವಯಸ್ಸಾದವನು, ಒಂದು ಎಕರೆ ಖುಷ್ಕಿ ಹೊಲ ಇತ್ತು.

"ಇದು ಯಾವ ರೋಡು ಕಣಮ್ಮ?"

"ರೋಡಲ್ಲ ಕೋನಪ್ಪಣ್ಣ. ಮಕ್ಕಳ ತೂಕದ್ದು," ಎಂದಳು ಅನಸೂಯಮ್ಮ.

"ನನ್ನತ್ರ ಮರೆಮಾಚಬ್ಯಾಡ. ಹಸಿರು ತೋಟ, ಹಳದಿ ಬೀಳು, ಕೆಂಪು ಗುಡ್ಡ. ನಡುವೆ ರೋಡು ಏರ್ಕೊಂಡು ಹೋಗ್ತಾ ಐತೆ. ಗುಡ್ಡದ ತಾವ ಇರೋದು ನನ್ನ ಹೊಲಾನೆ."

ಅನಸೂಯಮ್ಮ ಮೂರು ಸಲ ಬಿಡಿಸಿ ಹೇಳಿದಳು. ನಾನೂ ಒಂದು ಸಲ ಹೇಳಿದೆ. ಮಾರನೇ ದಿನ ಅವನು ಪಹಣಿ ಹಿಡಿದುಕೊಂಡೇ ಬಂದ. ಕೊನೆಗೆ, ಇನ್ನೂ ಅಂಕಿ ಬರೆಯುತ್ತಿದ್ದ ಚನ್ನಕೇಶವ ಕುಂಚ ಕೆಳಗಿಟ್ಟು, "ತಾತ, ಈ ಗೆರೆ ನಿಮ್ಮ ಹೊಲದ ಮೇಲೆ ಹೋಗಲ್ಲ. ಬೇಕಾದ್ರೆ ಗೋಡೆ ಮೇಲೇ ಬರೆದುಕೊಡ್ಲಾ?" ಎಂದ. ಕೋನಪ್ಪ ಅದಕ್ಕೂ ಒಪ್ಪಿದ. ಬರೆಸದಂತೆ ತಡೆಯುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ಶುಕ್ರವಾರದ ಹೊತ್ತಿಗೆ ಯಾರೋ ಹೆಂಗಸರು ಆ ದಪ್ಪ ಮಗುವಿನ ಚಿತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದರು. ಹತ್ತರ ಮೇಲಿನ ಅಂಕಿಗಳೆಲ್ಲ ಕುಂಕುಮದಲ್ಲಿ ಮುಚ್ಚಿಹೋಗಿದ್ದವು. ನಾನು ಒರೆಸುವುದು, ಅವರು ಹಚ್ಚುವುದು. ಎರಡು ವಾರ ಇದೇ ಆಯಿತು.

ಇಷ್ಟಾದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬರಿಯ ಪಟ್ಟೆಗಳು ಸಾಲದು, ಮಾದರಿಗೆ ಒಂದು ಮಗುವಿನ ಗೆರೆಯನ್ನೂ ಬರೆಸಬೇಕು ಎಂದು ಮೇಡಂ ಎಲ್ಲ ಕಾರ್ಡುಗಳನ್ನೂ ಹರಡಿಕೊಂಡು ಕೂತರು. ನಮ್ಮ ಕಾಲೋನಿ ಮಕ್ಕಳ ಗೆರೆಗಳು ನೆಗಡಿ ಬಂದಾಗ ಇಳಿಯುತ್ತಿದ್ದವು, ಅವರೆಕಾಳು ತಿಂದ ತಿಂಗಳು ಏರುತ್ತಿದ್ದವು, ಮತ್ತೆ ಇಳಿಯುತ್ತಿದ್ದವು. ಓಡಾಡುವ ಮಕ್ಕಳ ಗೆರೆ ಹಾಗೇ ಇರುತ್ತದೆ. ಬಯ್ಯಪ್ಪನದು ಮಾತ್ರ ಸ್ಕೇಲು ಇಟ್ಟು ಎಳೆದ ಹಾಗಿತ್ತು.

"ಇದು ನೋಡಿ ಎಷ್ಟು ನೀಟಾಗಿದೆ," ಎಂದರು ಮೇಡಂ.

ಚನ್ನಕೇಶವ ಅದನ್ನು ಕಪ್ಪು ಬಣ್ಣದಲ್ಲಿ ಗೋಡೆಗೆ ಏರಿಸಿದ. ಪಕ್ಕದಲ್ಲಿ 'ಚಿ. ಬಯ್ಯಪ್ಪ' ಎಂದು ಬರೆದ.

ಚಿಕ್ಕವೆಂಕಟಮ್ಮನಿಗೆ ಸುದ್ದಿ ಮುಟ್ಟಿತು. ಸಂಜೆ ಬಂದು, ಗೋಡೆಯ ಮುಂದೆ ಎಷ್ಟೋ ಹೊತ್ತು ನಿಂತರು. ಒಂದು ಕಡೆ ಮೊಮ್ಮಗನ ಹೆಸರು ಊರಿಗೆಲ್ಲ ಕಾಣುವ ಹಾಗೆ ಬರೆದಿದ್ದಾರೆ, ಎಷ್ಟು ಕಣ್ಣು ಬೀಳುತ್ತದೋ ಎಂಬ ದಿಗಿಲು. ಇನ್ನೊಂದು ಕಡೆ ಗೆರೆ ಮೇಲಕ್ಕೆ ಹೋಗುತ್ತಿದೆ ಎಂಬ ಸಮಾಧಾನ. ಮೇಲಕ್ಕೆ ಹೋದರೆ ಒಳ್ಳೆಯದು ಎಂಬುದು ಅವರಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು.

ಏಪ್ರಿಲ್ ತೂಕದ ದಿನ ಅವರು ಬರಲಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಬಿಡುವ ದಿನವಾಗಿತ್ತು. ಮುನಿಶಾಮಮ್ಮ ಒಬ್ಬಳೇ ಮಗುವನ್ನು ಎತ್ತಿಕೊಂಡು ಬಂದಳು. ಕಳಿಸುವ ಮೊದಲು ಅತ್ತೆ ಕೈಗೆ ಎರಡು ಕಬ್ಬಿಣದ ಕಡಗ ಹಾಕಿದ್ದರು, ಕೊರಳಿಗೆ ತಾಯತದ ಗೊಂಚಲು ಕಟ್ಟಿದ್ದರು. ಕೈವಾರದ್ದೊಂದು, ಮುರುಗಮಲ್ಲದ ದರ್ಗಾದ್ದೊಂದು, ಇನ್ನು ಎಲ್ಲೆಲ್ಲಿಯವೋ. ಬಿಸಿಲಲ್ಲಿ ನಡೆದು ಬಂದ ಮುನಿಶಾಮಮ್ಮನಿಗೆ ತಲೆ ತಿರುಗಿತು. ಗೋಡೆ ಹಿಡಿದುಕೊಂಡು, ಏನೂ ಯೋಚಿಸದೆ, ಮಗುವನ್ನು ನನ್ನ ಕೈಗೆ ಕೊಟ್ಟುಬಿಟ್ಟಳು.

ನಾನು ಹೆತ್ತದ್ದು ಆರು. ತಂಗಿಯರದು, ತಮ್ಮನದು, ಕಾಲೋನಿಯದು ಎಂದು ಎತ್ತಿದ್ದಕ್ಕೆ ಲೆಕ್ಕವಿಲ್ಲ. ಎರಡು ವರ್ಷಕ್ಕೆ ಹತ್ತಿರ ಬಂದ ಮಗು ಸೊಂಟಕ್ಕೆ ಕೂತರೆ ಸೊಂಟ ಒಂದು ಕಡೆ ವಾಲಬೇಕು. ಬಯ್ಯಪ್ಪ ಕೂತ. ಬೆಳ್ಳಿ ನನ್ನ ಪಕ್ಕೆಗೆ ಒತ್ತುತ್ತಿತ್ತು, ಮಗು ಒತ್ತುತ್ತಿರಲಿಲ್ಲ. ತೊಡೆ ಮುಟ್ಟಿ ನೋಡಿದೆ. ಚರ್ಮ ಸಡಿಲಾಗಿ ಬೆರಳಿಗೆ ಬಂತು.

"ಏನಮ್ಮ ಇದು?" ಎಂದೆ.

ಮುನಿಶಾಮಮ್ಮ ನೀರು ಕುಡಿದು ಪಿಸುಗುಟ್ಟಿದಳು. "ಶಿವರಾತ್ರಿಯಿಂದ ಬೇದಿ. ನಿಲ್ತದೆ, ಮತ್ತೆ ಶುರುವಾಗ್ತದೆ. ಹೊಟ್ಟೆಗೆ ಹಾಕಿದ್ರೆ ಹೆಚ್ಚಾಗ್ತದೆ ಅಂತ ಅತ್ತೆ ಬರೀ ಗಂಜಿ ತಿಳಿ ಕೊಡ್ತಾರೆ."

"ಡಾಕ್ಟರ ಹತ್ರ ಹೋಗ್ಲಿಲ್ವಾ?"

"ಹೇಳ್ದೆ. 'ಗೋಡೆ ಮೇಲೆ ಬರೆದವ್ರಲ್ಲೇ, ಗೆರೆ ಮೇಲಕ್ಕೆ ಹೋಗ್ತಾ ಐತೆ, ಸರ್ಕಾರದೋರು ಸುಳ್ಳು ಬರೀತಾರಾ?' ಅಂತಾರೆ."

ತಕ್ಕಡಿಯ ಮುಳ್ಳು ಎಂಟಕ್ಕೆ ನಿಂತಿತು. ಅನಸೂಯಮ್ಮ ಚುಕ್ಕೆ ಇಡಲು ಹೋದಳು. ನಾನು ಅವಳ ಕೈ ಹಿಡಿದೆ.

"ಇಡಬ್ಯಾಡ ಕಣಮ್ಮ. ಇದು ಮಗು ತೂಕ ಅಲ್ಲ."

"ನನಗೂ ಅನುಮಾನ ಲಕ್ಷ್ಮಿದೇವಮ್ಮ. ಆದ್ರೆ ಖಾಲಿ ಬಿಟ್ರೆ ಮೇಡಂ ನನ್ನ ಬೈತಾರೆ," ಎಂದಳು. ಚುಕ್ಕೆ ಇಟ್ಟಳು.

ಮರುವಾರ ಮೇಡಂ ಬಂದಾಗ ನಾನೇ ಹೋಗಿ ಮುಂದೆ ನಿಂತೆ. ಅಷ್ಟು ವರ್ಷದಲ್ಲಿ ಕೇಳದೆ ನಾನಾಗಿ ಮಾತಾಡಿದ್ದು ಅದೇ ಮೊದಲು.

"ಮೇಡಂ, ಆ ಮಗು ಹಗುರ ಆಗಿದೆ."

"ಯಾವ ಮಗು?"

"ಗೋಡೆ ಮೇಲಿರೋದು."

ಮೇಡಂ ಕಾರ್ಡು ತರಿಸಿದರು. ಪೆನ್ನಿನ ತುದಿಯಿಂದ ಒಂದೊಂದೇ ಚುಕ್ಕೆ ಮುಟ್ಟಿದರು. "ಇಲ್ಲಿ ನೋಡಿ ಲಕ್ಷ್ಮಿದೇವಮ್ಮ. ಒಂದು, ಎರಡು, ಮೂರು, ನಾಲ್ಕು. ಗೆರೆ ಯಾವ ಕಡೆ ಹೋಗ್ತಿದೆ?"

"ಮೇಲಕ್ಕೆ."

"ಮತ್ತೆ?"

"ಬೆಳ್ಳಿ ಮೇಲಕ್ಕೆ ಹೋಗ್ತಿದೆ ಮೇಡಂ."

ಅವರು ನಕ್ಕರು. ಕೆಟ್ಟವರಲ್ಲ, ಹದಿನೆಂಟು ಊರು ಸುತ್ತಿ ಕಾಲು ಬಾತುಕೊಂಡಿತ್ತು, ಚಪ್ಪಲಿ ಬಿಚ್ಚಿ ಕೂತಿದ್ದರು. "ಒಂದು ಕಡಗ ಎಷ್ಟು ತೂಕ ಇರುತ್ತೆ ಹೇಳಿ? ನೀವು ಎತ್ಕೊಂಡು ನೋಡಿ ಹೇಳೋದಾದ್ರೆ ಸರ್ಕಾರ ಯಾಕೆ ತಕ್ಕಡಿ ಕೊಡ್ತಿತ್ತು? ನಿಮ್ಮ ಸೊಂಟ ತಕ್ಕಡಿ ಅಲ್ಲಮ್ಮ."

ಜೋಳಿಗೆಯಲ್ಲಿ ಇಟ್ಟದ್ದನ್ನೆಲ್ಲ ತಕ್ಕಡಿ ಸರಿಯಾಗೇ ತೂಗುತ್ತಿತ್ತು. ಅನಸೂಯಮ್ಮ ಚುಕ್ಕೆಯನ್ನು ಸರಿಯಾದ ಮನೆಯಲ್ಲೇ ಇಡುತ್ತಿದ್ದಳು. ಚನ್ನಕೇಶವ ಒಂದು ಕೂದಲೆಳೆ ತಪ್ಪದೆ ಬರೆದಿದ್ದ. ಅಜ್ಜಿ ಗೆರೆಯನ್ನು ನಂಬಿ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ, ತೂಗುತ್ತಾರಲ್ಲ ಎಂದು ಹೆದರಿ ತಿಂಗಳಿಗೊಂದು ಒಡವೆ ಕಟ್ಟುತ್ತಿದ್ದರು. ಹೆದರಿದಷ್ಟೂ ಗೆರೆ ಏರುತ್ತಿತ್ತು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ನೆಟ್ಟಗೆ ಮಾಡುತ್ತಿದ್ದರು, ನಡುವೆ ಮಗು ಕರಗುತ್ತಿತ್ತು. ನಾನು ಆ ಹಗಲೆಲ್ಲ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ತೊಳೆದೆ.

ಆಮೇಲೆ ನಾಲ್ಕು ವಾರ ದಿನವೂ ಚಿಕ್ಕವೆಂಕಟಮ್ಮನ ಅಂಗಳ ಗುಡಿಸಿದೆ. ಎರಡು ಸಲ ಬಾಯಿ ತೆಗೆದೆ. ಮೊದಲ ಸಲ, "ನಿನ್ನ ಕಣ್ಣೇ ಮೊದಲು ತಾಕೋದು, ಆ ಕಡೆ ಗುಡಿಸು," ಅಂದರು. ಎರಡನೇ ಸಲ ಎದ್ದು ಒಳಗೆ ಹೋಗಿಬಿಟ್ಟರು. ಹಿತ್ತಲಲ್ಲಿ ಬಯ್ಯಪ್ಪನ ಅಳು ಕೇಳುತ್ತಿತ್ತು. ದಿನ ಹೋದ ಹಾಗೆ ಅದು ಸಣ್ಣದಾಗಿ, ಆಮೇಲೆ ಕೇಳದೆ ಹೋಯಿತು.

ಮೇ ತಿಂಗಳ ತೂಕದ ದಿನ ಮಂಗಳವಾರ ಬಂತು. ಗುರುವಾರ ಮೇಲಿನವರು ಬರುವವರಿದ್ದರು. ಮೇಡಂ ಎಲ್ಲವನ್ನೂ ಸರಿಮಾಡಿಸಲು ಮಧ್ಯಾಹ್ನವೇ ಬಂದಿದ್ದರು, ಚನ್ನಕೇಶವ ಹೊರಗೆ ಕುಂಕುಮ ಹತ್ತಿದ ಅಂಕಿಗಳನ್ನು ಮತ್ತೆ ಬರೆಯುತ್ತಿದ್ದ. ಎರಡೂವರೆಯ ಹೊತ್ತಿಗೆ ಚಿಕ್ಕವೆಂಕಟಮ್ಮ ಬಂದರು, ಹಿಂದೆ ಮಗುವನ್ನು ಎತ್ತಿಕೊಂಡು ಮುನಿಶಾಮಮ್ಮ.

ಬಯ್ಯಪ್ಪನನ್ನು ಜೋಳಿಗೆಯಲ್ಲಿ ಕೂರಿಸಿದರು. ಅವನು ಅಳಲಿಲ್ಲ. ಕತ್ತು ಒಂದು ಕಡೆಗೆ ಬಿತ್ತು. ಕೈಕಡಗ ಮಣಿಕಟ್ಟಿನಿಂದ ಮೊಳಕೈಗೆ ಜಾರಿತು.

"ಎಂಟು ಕೇಜಿ ನೂರು," ಎಂದು ಅನಸೂಯಮ್ಮ ಮೆಲ್ಲಗೆ ಹೇಳಿದಳು.

"ನೋಡಿದ್ರಾ, ಮತ್ತೆ ನೂರು ಗ್ರಾಂ ಜಾಸ್ತಿ," ಎಂದರು ಮೇಡಂ.

ಚಿಕ್ಕವೆಂಕಟಮ್ಮ ಮಗುವನ್ನು ತೆಗೆದು ಮಡಿಲಿಗೆ ಹಾಕಿಕೊಂಡು ಚಾಪೆಯ ಮೇಲೆ ಕೂತರು. ಅವರ ಮುಖದಲ್ಲಿ ಸಮಾಧಾನವೂ ಇತ್ತು, ನಂಬಿಕೆಯಿಲ್ಲದ ಸಮಾಧಾನ. ಬೆರಳು ಮಗುವಿನ ಪಕ್ಕೆಲುಬಿನ ಮೇಲೆ ಓಡಾಡುತ್ತಿತ್ತು. ಆಗ ನನಗೆ ಆ ಗೂಡಿನ ವ್ಯಾಪಾರಿ ನೆನಪಿಗೆ ಬಂದ. ನಾಲ್ಕು ತಿಂಗಳು ಆ ನೆನಪು ಯಾಕೆ ಬರಲಿಲ್ಲವೋ, ಅದೊಂದೇ ನನಗೆ ಈಗಲೂ ನನ್ನ ಮೇಲಿರುವ ಸಿಟ್ಟು.

"ಅಮ್ಮಯ್ಯ," ಎಂದೆ. "ಬುಟ್ಟಿ ಎಷ್ಟು ತೂಕ?"

"ಯಾವ ಬುಟ್ಟೀನೇ?"

"ಗೂಡಿನ ವ್ಯಾಪಾರಿಗೆ ಬುಟ್ಟಿ ಬರಿದು ಮಾಡಿ ತೂಗು ಅಂದಿರಲ್ಲ, ಐದು ಬುಟ್ಟೀನೂ ತೂಗಿಸಿದ್ರಲ್ಲ. ಇವತ್ತು ಗೂಡೂ ಬುಟ್ಟೀನೂ ಒಟ್ಟಿಗೇ ತೂಗಿದ್ದಾಯ್ತು. ಬುಟ್ಟಿ ಎಷ್ಟು ಅಂತ ಯಾರೂ ನೋಡಿಲ್ಲ."

ಮೇಡಂ ಏನೋ ಹೇಳಲು ಬಂದರು. ಅನಸೂಯಮ್ಮ ಅವರ ಸೆರಗು ಹಿಡಿದಳು.

"ಮಗೂನ ಮತ್ತೆ ತೂಗೋದು ಬ್ಯಾಡ," ಎಂದೆ. "ನಿಮ್ಮ ಮಡಿಲಲ್ಲೇ ಇರ್ಲಿ, ನಿಮ್ಮ ಸೆರಗು ಮೇಲೆ ಮುಚ್ಚಿ, ಯಾರ ಕಣ್ಣೂ ಬೀಳಲ್ಲ. ಬರೀ ಬುಟ್ಟಿ ತೂಗಣ. ನಾನು ಮುಟ್ಟಲ್ಲ, ನೀವೇ ಬಿಚ್ಚಿ ಹಾಕಿ."

ಹೊರಗೆ ಚನ್ನಕೇಶವ ಕುಂಚ ಹಿಡಿದೇ ಕಿಟಕಿಯ ಹತ್ತಿರ ಬಂದ. ಚಿಕ್ಕವೆಂಕಟಮ್ಮ ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಆಮೇಲೆ ಅವರು ಸೆರಗನ್ನು ಮಗುವಿನ ಮೇಲೆ ಎಳೆದುಕೊಂಡು, ಒಳಗೆ ಕೈಹಾಕಿ ಒಂದೊಂದೇ ಬಿಚ್ಚತೊಡಗಿದರು. ಕಾಲ್ಗಡಗ, ಕೈಕಡಗ, ತಾಯತದ ಗೊಂಚಲು. ಒಂದೊಂದನ್ನೂ ತಾವೇ ಜೋಳಿಗೆಗೆ ಹಾಕಿದರು. ಕೊನೆಗೆ ಬೆಳ್ಳಿಯ ಉಡುದಾರ. ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ತಡೆದರು. ಅದೂ ಜೋಳಿಗೆಗೆ ಬಿತ್ತು. ಕರಿದಾರವನ್ನು ಮಾತ್ರ ಉಳಿಸಿಕೊಂಡರು.

ಮುಳ್ಳು ಅಲ್ಲಾಡಿ ಅಲ್ಲಾಡಿ ಒಂಬತ್ತನೇ ಸಣ್ಣ ಗೆರೆ ದಾಟಿ, ಹತ್ತನೆಯದನ್ನು ಮುಟ್ಟದೆ ನಡುವೆ ನಿಂತಿತು. ಒಂಬೈನೂರೈವತ್ತು.

ಅನಸೂಯಮ್ಮ ಕಾಗದದ ಮೇಲೆ ಕಳೆಯಲು ಪೆನ್ಸಿಲು ಹುಡುಕುತ್ತಿದ್ದಳು.

"ಏಳು ಕೇಜಿ ನೂರೈವತ್ತು," ಎಂದರು ಚಿಕ್ಕವೆಂಕಟಮ್ಮ. ಅವರಿಗೆ ಕಾಗದ ಬೇಕಿರಲಿಲ್ಲ. "ಮೊದಲ್ನೇ ಸಲ ಎಷ್ಟಿತ್ತು?"

ಅನಸೂಯಮ್ಮ ಕಾರ್ಡು ಕೈಗೆತ್ತಿಕೊಂಡು ಮೇಡಂ ಕಡೆ ನೋಡಿದಳು.

"ಕೇಳ್ತಾ ಇದೀನಿ. ಅವರೆಕಾಯಿ ಕಾಲದಲ್ಲಿ ಎಷ್ಟಿತ್ತು? ಆಗ ಕರಿದಾರ ಒಂದೇ ಇದ್ದದ್ದು."

"ಏಳು ಏಳುನೂರು ಅಮ್ಮಯ್ಯ," ಎಂದಳು ಅನಸೂಯಮ್ಮ.

"ಹಾಕು. ಎಲ್ಲಿ ಬರ್ತದೋ ಅಲ್ಲಿ ಹಾಕು. ನಾನು ನೋಡ್ಬೇಕು."

ಅನಸೂಯಮ್ಮ ಕೈಯಲ್ಲಿದ್ದ ಪೆನ್ಸಿಲಿನಲ್ಲೇ ಚುಕ್ಕೆ ಇಟ್ಟಳು. ಏಪ್ರಿಲ್‌ನ ಚುಕ್ಕೆಯಿಂದ ಗೆರೆ ಎಳೆದಳು. ಅದು ಹಳದಿಯನ್ನು ಸೀಳಿಕೊಂಡು ಕೆಂಪಿನೊಳಕ್ಕೆ ಬಾವಿಗೆ ಬಿಟ್ಟ ಹಗ್ಗದ ಹಾಗೆ ಇಳಿಯಿತು.

"ಸದ್ಯಕ್ಕೆ ಪೆನ್ಸಿಲಲ್ಲೇ ಇರ್ಲಿ ಅನಸೂಯ," ಎಂದರು ಮೇಡಂ. "ಗುರುವಾರ ಕಳೀಲಿ. ಆಮೇಲೆ ಸರಿಮಾಡಣ."

"ಸೀಸದಕಡ್ಡಿ ಬ್ಯಾಡ," ಎಂದರು ಚಿಕ್ಕವೆಂಕಟಮ್ಮ. "ಆ ವ್ಯಾಪಾರಿನೂ ಇದೇ ಅಂದಿದ್ದ, ಮುಂದಿನ ಸಲ ಸರಿಮಾಡ್ತೀನಿ ಅಂತ." ಕಿಟಕಿಯ ಕಡೆ ತಿರುಗಿದರು. "ಅಪ್ಪ, ಬಣ್ಣದೋನೆ. ಗೋಡೆ ಮೇಲೂ ಇಳಿಸು. ನನ್ನ ಮೊಮ್ಮಗನ ಹೆಸರಲ್ಲಿ ಸುಳ್ಳು ಇರಬಾರದು."

ಹುಡುಗ ಉಳಿದ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಕೇಳುವವರನ್ನು ಆಡಿಸುವುದು ನನಗೆ ಬರುವುದಿಲ್ಲ. ಚಿಂತಾಮಣಿಯ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇಟ್ಟುಕೊಂಡರು. ಗುರುವಾರ ಬಂದ ಮೇಲಿನವರು ಗೋಡೆ ನೋಡಿ, ಇದೇಕೆ ಹೀಗೆ ಬಿದ್ದಿದೆ ಎಂದು ಕೇಳಿದರು. ಅನಸೂಯಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು, ಟೀ ಕುಡಿದು ಹೋದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಅಲ್ಲಿಂದಾಚೆ ನಮ್ಮಲ್ಲಿ ಬಿಚ್ಚಲು ಒಪ್ಪದ ಒಡವೆಯನ್ನು ಯಾರೂ ಬಲವಂತಕ್ಕೆ ಬಿಚ್ಚಿಸಲಿಲ್ಲ. ಮಗುವನ್ನು ತೂಗಿದ ಮೇಲೆ ತಾಯಿಯೇ ಸೆರಗಿನ ಮರೆಯಲ್ಲಿ ಬಿಚ್ಚಿ ಜೋಳಿಗೆಗೆ ಹಾಕುತ್ತಿದ್ದಳು, ಅನಸೂಯಮ್ಮ ಬುಟ್ಟಿಯ ತೂಕ ಕಳೆದು ಚುಕ್ಕೆ ಇಡುತ್ತಿದ್ದಳು. ಮೇಡಂ ಅದನ್ನು ಉಳಿದ ಹದಿನೇಳು ಊರಿಗೂ ಹೇಳಿಕೊಟ್ಟರು, ತಮ್ಮದೇ ಯೋಚನೆ ಎಂಬಂತೆ. ಇರಲಿ.

ಆ ದಿನ ಚಿಂತಾಮಣಿಗೆ ಬಸ್ಸು ಇದ್ದದ್ದು ಮೂರೂವರೆಗೆ. ಚಿಕ್ಕವೆಂಕಟಮ್ಮ ಎದ್ದು ನಿಂತು ಸೀರೆ ಕೊಡವಿದರು. ಮುನಿಶಾಮಮ್ಮ ನೆಲ ನೋಡುತ್ತ ಗೊಣಗಿದಳು, "ಅತ್ತೆ, ಮಂಗಳವಾರ. ರಾಹುಕಾಲ ಬೇರೆ ಹಿಡೀತಾ ಐತೆ."

ಹೊಸ ತಟ್ಟೆಗೆ ಹುಳು ಬಿಡುವುದಕ್ಕೂ ಪಂಚಾಂಗ ನೋಡುವ ಮನೆ ಅದು. ಚಿಕ್ಕವೆಂಕಟಮ್ಮ ಬಾಗಿಲಲ್ಲಿ ನಿಂತು ಬಿಸಿಲನ್ನು ನೋಡಿದರು.

"ನಡಿಯೇ," ಅಂದರು.

ಅಂಗಳ ದಾಟುವಾಗ ಮಗುವಿನ ಕಾಲುಗಳು ಸೊಸೆಯ ಸೊಂಟದಲ್ಲಿ ಸದ್ದಿಲ್ಲದೆ ತೂಗಾಡುತ್ತಿದ್ದವು. ಒಡವೆಯೆಲ್ಲ ಜೋಳಿಗೆಯಲ್ಲೇ ಉಳಿದಿತ್ತು. ಮುಳ್ಳು ಒಂಬೈನೂರೈವತ್ತರಲ್ಲೇ ನಿಂತಿತ್ತು. ನಾನು ಅದನ್ನು ಮುಟ್ಟಲಿಲ್ಲ, ಬಾಗಿಲಲ್ಲಿ ಕೂತು ಸಂಜೆಯವರೆಗೆ ಕಾದೆ. ಚಿಕ್ಕವೆಂಕಟಮ್ಮ, ಮುನಿಶಾಮಮ್ಮ, ಬಯ್ಯಪ್ಪ ಮೂವರೂ ಆಸ್ಪತ್ರೆಗೆ ಹೊರಟದ್ದು ಮಂಗಳವಾರ, ರಾಹುಕಾಲದಲ್ಲಿ.